ಮುಖದ ಮೇಲೆ ಇಸಬು: ಟ್ಯೂಬ್ ಹಚ್ಚೋಕೆ ಮೊದಲು ಕಾರಣ ಹುಡುಕಿ

ದಢೇಸುಗೂರು (ಸಿಂಧನೂರು ತಾ.): ಮುಖ ಕೆಂಪಾಗಿ ತುರಿಸೋದು, ಹೊಟ್ಟು ಏಳೋದು, ಕೆರೆದರೆ ನೀರು ಜಿನುಗೋದು. ಇದಕ್ಕೆ ನಮ್ಮ ಕಡೆ ಇಸಬು ಅಂತಾರೆ, ಡಾಕ್ಟರ್‌ಗಳು ಎಕ್ಜಿಮಾ ಅಂತಾರೆ. ಇದು ಅಂಟುರೋಗ ಅಲ್ಲ. ಜೊತೆಗೆ ಕೂತು ಉಂಡರೆ, ಮುಟ್ಟಿದರೆ ಇನ್ನೊಬ್ಬರಿಗೆ ಬರಲ್ಲ. ಕೈಕಾಲಿನ ಇಸಬನ್ನು ಬಟ್ಟೆ ಮುಚ್ಚುತ್ತದೆ, ಮುಖದ್ದನ್ನು ಮುಚ್ಚೋಕಾಗಲ್ಲ. ಮನೆಯಲ್ಲಿ ಮದುವೆ ಮಾತು ನಡೆದಿದ್ರೆ, ಗಲ್ಲಾದ ಮೇಲೆ ಕೂತು ದಿನಾ ನೂರಾರು ಗಿರಾಕಿ ನೋಡಬೇಕಿದ್ರೆ ಅವಸರ ಜಾಸ್ತಿ. ಆ ಅವಸರದಲ್ಲಿ ಕೇಳಿ ತಂದ ಟ್ಯೂಬೇ ಬಹಳ ಸಲ ಮುಖ ಕೆಡಿಸ್ತದೆ.

ಯಾಕೆ ಬರ್ತದೆ?

ಕಾರಣ ಒಂದೇ ಅಲ್ಲ. ಎಲ್ಲಿ ಬಂದಿದೆ ಅನ್ನೋದು ನೋಡಿದ್ರೆ ಅರ್ಧ ಸುಳಿವು ಸಿಗ್ತದೆ.

* ಕೂಸುಗಳ ಎರಡೂ ಕೆನ್ನೆ ಕೆಂಪಾಗಿ ಒರಟಾಗಿದ್ರೆ ಹುಟ್ಟುಗುಣದ ಇಸಬು ಇರಬಹುದು. ಇಂಥ ಮನೆಗಳಲ್ಲಿ ಯಾರಿಗಾದ್ರೂ ಉಬ್ಬಸ, ಸೀನಿನ ಅಲರ್ಜಿ ಇರೋದು ಸಾಮಾನ್ಯ.
* ಹುಬ್ಬು, ಮೂಗಿನ ಅಕ್ಕಪಕ್ಕ, ಗಡ್ಡದಲ್ಲಿ ಜಿಡ್ಡು ಹೊಟ್ಟು ಇದ್ದು, ತಲೆಯಲ್ಲೂ ಹೊಟ್ಟು ಇದ್ರೆ ಅದು ಬೇರೆ ನಮೂನೆ. ತಲೆ ಹೊಟ್ಟಿಗೂ ಚಿಕಿತ್ಸೆ ಬೇಕು.
* ಹಣೆ, ಕಿವಿ ಹತ್ತಿರ, ಮೀಸೆ ಜಾಗ ಉರಿದು ಊದಿದ್ರೆ ಹೇರ್ ಡೈ ನೆನಪು ಮಾಡಿಕೊಳ್ಳಿ. ಅದರಲ್ಲಿರೋ ಪಿಪಿಡಿ ಅನ್ನೋ ರಾಸಾಯನಿಕ ಹಲವರಿಗೆ ಆಗಿಬರಲ್ಲ. ‘ಅಮೋನಿಯಾ ಇಲ್ಲ’ ಅಂತ ಬರೆದ ಡಬ್ಬಿಯಲ್ಲೂ ಪಿಪಿಡಿ ಇರಬಹುದು.
* ಹಣೆಯ ನಡುವೆ ಬೊಟ್ಟಿನ ಜಾಗದಲ್ಲಷ್ಟೇ ತುರಿಕೆ ಇದ್ರೆ ಸ್ಟಿಕ್ಕರ್ ಅಂಟು ಕಾರಣ ಇರಬಹುದು.

ಹೊಲದ ಬದುವಿನ ಕಾಂಗ್ರೆಸ್ ಕಸ

ಎಡದಂಡೆ ನಾಲೆಯ ಈ ಸೀಮೆಯಲ್ಲಿ ಮರೆಯಬಾರದ ಕಾರಣ ಪಾರ್ಥೇನಿಯಂ, ಅಂದ್ರೆ ಕಾಂಗ್ರೆಸ್ ಕಸ. ಅಮೆರಿಕ ಖಂಡದ ಈ ಕಳೆ 1950ರ ದಶಕದಲ್ಲಿ ಪುಣೆಯಲ್ಲಿ ಕಂಡಿತು. ಆಮೇಲೆ ದೇಶ ತುಂಬಿತು. ಇದರಲ್ಲಿರೋ ಪಾರ್ಥೇನಿನ್ ಅನ್ನೋ ವಸ್ತು ಚರ್ಮಕ್ಕೆ ಅಲರ್ಜಿ ಮಾಡ್ತದೆ. ಗಿಡ ಮುಟ್ಟಲೇಬೇಕು ಅಂತಿಲ್ಲ, ಒಣಗಿದ ಗಿಡದ ಧೂಳು ಗಾಳಿಯಲ್ಲಿ ಬಂದು ಮುಖಕ್ಕೆ ಕೂತ್ರೂ ಸಾಕು. ವರ್ಷಗಟ್ಟಲೆ ಏನೂ ಆಗದೆ ಇದ್ದವರಿಗೂ ಒಮ್ಮೆ ಶುರುವಾಗಬಹುದು.

ಗುರುತು ಹೀಗೆ: ಬರೀ ಬಿಸಿಲಿನ ಅಲರ್ಜಿ ಆದ್ರೆ ಕಣ್ಣಿನ ಮೇಲಿನ ರೆಪ್ಪೆ, ಕಿವಿ ಹಿಂದೆ, ಗದ್ದದ ಕೆಳಗೆ, ಅಂದ್ರೆ ನೆರಳು ಬೀಳೋ ಜಾಗ ಸಾಮಾನ್ಯವಾಗಿ ಉಳಿದಿರ್ತದೆ. ಗಾಳಿ ಧೂಳಿನ ಅಲರ್ಜಿ ಅಲ್ಲೂ ಬರ್ತದೆ, ಕುತ್ತಿಗೆ ಮಡಿಕೆ, ಮೊಣಕೈ ಮಡಿಕೆಗೂ ಇಳಿತದೆ. ದೊಡ್ಡ ಆಸ್ಪತ್ರೆಗಳಲ್ಲಿ ಬೆನ್ನಿಗೆ ಪಟ್ಟಿ ಅಂಟಿಸಿ ಮಾಡೋ ಪ್ಯಾಚ್ ಟೆಸ್ಟ್‌ನಲ್ಲಿ ಯಾವುದು ಆಗಿಬರಲ್ಲ ಅಂತ ತಿಳೀತದೆ.

ಅಲರ್ಜಿ ಇದ್ದವರು ಈ ಕಳೆ ಕೀಳೋ ಕೆಲಸಕ್ಕೆ ಹೋಗಬಾರದು. ಬೇರೆಯವರು ಹೂ ಬಿಡೋಕೆ ಮೊದಲೇ, ಕೈಗವಸು, ತುಂಬುತೋಳು, ಮುಖಕ್ಕೆ ಬಟ್ಟೆ ಹಾಕಿ ಬೇರು ಸಮೇತ ಕೀಳಬೇಕು. ಹೊಲದಿಂದ ಬಂದ ಕೂಡಲೇ ಮುಖ ತೊಳೆದು ಬಟ್ಟೆ ಬದಲಿಸಿ.

ಟ್ಯೂಬಿನ ಅಪಾಯ

ಬೀಟಾಮೆಥಾಸೋನ್, ಕ್ಲೊಬೆಟಾಸಾಲ್, ಮೊಮೆಟಾಸೋನ್ ಇವೆಲ್ಲ ಸ್ಟಿರಾಯ್ಡ್. ಡಾಕ್ಟರ್ ಹೇಳಿದ ಶಕ್ತಿಯದ್ದು, ಹೇಳಿದಷ್ಟೇ ದಿನ ಹಚ್ಚಿದ್ರೆ ಒಳ್ಳೆ ಔಷಧ. ಆದ್ರೆ ಮುಖದ ಚರ್ಮ ತೆಳು. ಜೋರಾದ ಟ್ಯೂಬನ್ನು ತಿಂಗಳುಗಟ್ಟಲೆ ಹಚ್ಚಿದ್ರೆ ಚರ್ಮ ಇನ್ನೂ ತೆಳ್ಳಗಾಗಿ ಕೆಂಪು ನರ ಕಾಣ್ತವೆ, ಮೊಡವೆ ಏಳ್ತವೆ, ಹೆಣ್ಣುಮಕ್ಕಳಿಗೆ ಮುಖದಲ್ಲಿ ಕೂದಲು ಬರಬಹುದು. ಬಿಟ್ಟರೆ ಉರಿ ವಾಪಸ್ ಬರ್ತದೆ, ಅದಕ್ಕೇ ಮತ್ತೆ ಹಚ್ತಾರೆ. ರೆಪ್ಪೆಗೆ ಬಹಳ ದಿನ ಹಚ್ಚಿದ್ರೆ ಕಣ್ಣಿನ ಒತ್ತಡ ಏರೋ ಭಯ ಇದೆ. ಬೆಳ್ಳಗಾಗ್ತದೆ ಅಂತ ಹಚ್ಚೋ ಕೆಲವು ಮಿಶ್ರಣ ಕ್ರೀಮಿನಲ್ಲೂ ಸ್ಟಿರಾಯ್ಡ್ ಇರ್ತದೆ. ಹುಳುಕಡ್ಡಿಗೆ ಇದೇ ಟ್ಯೂಬ್ ಹಚ್ಚಿದ್ರೆ ತುರಿಕೆ ನಿಂತಂಗಾಗಿ ಒಳಗೆ ಹರಡ್ತದೆ.

2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಹಚ್ಚೋ ಸ್ಟಿರಾಯ್ಡ್‌ಗಳನ್ನು ಶೆಡ್ಯೂಲ್ ಎಚ್ ನಿಯಮದ ಒಳಗೆ ತಂದಿದೆ. ಅಂದ್ರೆ ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು. ಅಂಗಡಿಯವರು ಚೀಟಿ ಕೇಳಿದ್ರೆ ಸಿಟ್ಟಾಗಬೇಡಿ, ಅದು ನಿಮ್ಮ ಮುಖದ ಒಳ್ಳೇದಕ್ಕೇ. ಹಾಗಂತ ಸ್ಟಿರಾಯ್ಡ್ ಅನ್ನೋ ಹೆಸರಿಗೇ ಹೆದರಿ ಡಾಕ್ಟರ್ ಕೊಟ್ಟಿದ್ದನ್ನು ನಡುವೆ ಬಿಡೋದೂ ತಪ್ಪು. ಮುಖಕ್ಕೆ ಟ್ಯಾಕ್ರೊಲಿಮಸ್‌ನಂಥ ಸ್ಟಿರಾಯ್ಡ್ ಅಲ್ಲದ ಮುಲಾಮೂ ಇದೆ, ಡಾಕ್ಟರ್‌ನ ಕೇಳಿ.

ಮನೆಯಲ್ಲಿ ಮಾಡಬಹುದಾದ್ದು

* ಬಿಸಿ ನೀರು ಬೇಡ, ಉಗುರುಬೆಚ್ಚಗೆ ಸಾಕು. ಬಟ್ಟೆ ಸೋಪು, ಘಮಘಮ ಸೋಪು ಮುಖಕ್ಕೆ ಬೇಡ.
* ಮುಖ ಒರೆಸಿ ಇನ್ನೂ ಹಸಿ ಇರುವಾಗಲೇ ವ್ಯಾಸಲಿನ್ ಅಥವಾ ವಾಸನೆ ಇಲ್ಲದ ಮಾಯಿಶ್ಚರೈಸರ್ ಹಚ್ಚಿ. ದಿನಕ್ಕೆ 2–3 ಸಲ, ವಾಸಿಯಾದ ಮೇಲೂ ಬಿಡಬೇಡಿ.
* ನಿಂಬೆರಸ, ಬೆಳ್ಳುಳ್ಳಿ, ಟೂತ್‌ಪೇಸ್ಟ್ ಹಚ್ಚಬೇಡಿ. ಇವು ಚರ್ಮ ಸುಡ್ತವೆ.
* ಉಗುರು ಕತ್ತರಿಸಿ. ತುರಿಕೆ ಬಂದ್ರೆ ತಣ್ಣೀರಲ್ಲಿ ಅದ್ದಿದ ಕಾಟನ್ ಬಟ್ಟೆ ಇಡಿ.
* ‘ನಂಜು’ ಅಂತ ಬದನೆಕಾಯಿ, ಮೊಟ್ಟೆ, ಹಾಲು ಎಲ್ಲ ಬಿಡಿಸಬೇಡಿ. ದೊಡ್ಡವರ ಮುಖದ ಇಸಬಿಗೆ ಊಟ ಕಾರಣ ಆಗೋದು ಕಡಿಮೆ. ಮಕ್ಕಳ ಊಟ ಡಾಕ್ಟರ್ ಕೇಳದೆ ಕಡಿತ ಮಾಡಿದ್ರೆ ಅವರೇ ಸೊರಗ್ತಾರೆ.

ತಡ ಮಾಡಬಾರದ ಲಕ್ಷಣಗಳು

ಕೀವು, ಹಳದಿ ಹೆಪ್ಪು, ಜ್ವರ, ನೋವಿನ ಗುಳ್ಳೆಗಳ ಗುಂಪು, ಕಣ್ಣು ಮುಚ್ಚುವಷ್ಟು ಊತ ಇದ್ರೆ ಅವತ್ತೇ ದವಾಖಾನೆಗೆ ಹೋಗಿ. ತುರಿಕೆ ಇಲ್ಲದ ಮಾಸಲು ಮಚ್ಚೆ ಇದ್ದು, ಅಲ್ಲಿ ಸ್ಪರ್ಶ ಗೊತ್ತಾಗದಿದ್ರೆ ಅದು ಇಸಬು ಅಲ್ಲ, ಕುಷ್ಠ ಇರಬಹುದು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಪುಕ್ಕಟೆ, ಪೂರ್ತಿ ವಾಸಿಯಾಗ್ತದೆ.

ಮನೆ ಆರೈಕೆಗೆ 2 ವಾರದಲ್ಲಿ ಬಗ್ಗದಿದ್ರೆ ಮೊದಲು ಸಿಂಧನೂರು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಅಲ್ಲಿಂದ ಮುಂದೆ ರಾಯಚೂರಿನ ರಿಮ್ಸ್ ಇದೆ, ಹೊಳೆ ದಾಟಿ ಸಿರುಗುಪ್ಪ ಮೇಲೆ ಹೋದ್ರೆ ಬಳ್ಳಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಹೋಗುವಾಗ ಇಲ್ಲಿತನಕ ಹಚ್ಚಿದ ಟ್ಯೂಬ್, ಡೈ ಡಬ್ಬಿ, ಕ್ರೀಮು ಎಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಅದನ್ನು ನೋಡಿದ್ರೆ ಡಾಕ್ಟರ್‌ಗೆ ಕಾರಣ ಹುಡುಕೋದು ಸುಲಭ.