ಹಳೇ ಅಂಬಾಸಿಡರ್‌ಗೆ ಹೊಸ ಕಣ್ಣು

ಮಾವನ ಅಂಬಾಸಿಡರ್ ಪುಣೆಗೆ ತಂದಾಗ ಎಲ್ಲರದ್ದೂ ಒಂದೇ ಮಾತು: "ಎಲ್‌ಇಡಿ ಹಾಕಿಸಿಬಿಡು." ಹಾಕಿಸಿದೆ. ಮೊದಲ ರಾತ್ರಿಯೇ ಎದುರಿಂದ ಬಂದ ಬೈಕಿನವನಿಗೆ ಕಣ್ಣು ಕುಕ್ಕಿ, ರಸ್ತೆ ಬಿಟ್ಟು ಮಣ್ಣಿಗಿಳಿದ. ಬೀಳಲಿಲ್ಲ, ಪುಣ್ಯ.

ಆಮೇಲೇ ಇತಿಹಾಸ ಹುಡುಕಿದ್ದು. ಕಾರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನ ವಂಶ. ಆ 7 ಇಂಚಿನ ದುಂಡು ಲ್ಯಾಂಪು ಅಮೆರಿಕದಲ್ಲಿ 1940ರ ಮಾಡೆಲ್‌ಗಳಿಂದಲೇ ಇತ್ತು, ಸೀಲ್ಡ್ ಬೀಮ್ ರೂಪದಲ್ಲಿ: ಗಾಜು, ರಿಫ್ಲೆಕ್ಟರ್, ಫಿಲಮೆಂಟ್ ಎಲ್ಲ ಒಂದೇ ತುಂಡು. ಫಿಲಮೆಂಟ್ ಸುಟ್ಟರೆ ಇಡೀ ಲ್ಯಾಂಪೇ ಬದಲಿಸಬೇಕು. 1971ರಲ್ಲಿ ಯುರೋಪಿನಿಂದ ಎಚ್4 ಹ್ಯಾಲೊಜನ್ ಬಂತು. ಹೈಬೀಮ್‌ಗೆ 60 ವ್ಯಾಟ್, ಡಿಪ್‌ಗೆ 55. ಡಿಪ್ ಫಿಲಮೆಂಟಿನ ಕೆಳಗೊಂದು ಪುಟ್ಟ ಲೋಹದ ಮರೆ ಇದೆ. ಎದುರಿನವರ ಕಣ್ಣು ಕಾಯೋದು ಅದೇ. ರಿಫ್ಲೆಕ್ಟರ್‌ನ ಲೆಕ್ಕವೆಲ್ಲ ಫಿಲಮೆಂಟ್ ಇರೋ ಜಾಗದ ಮೇಲೆ. ಎಲ್‌ಇಡಿ ಚಿಪ್ ಒಂಚೂರು ಆಚೀಚೆ ಕೂತರೂ ಬೆಳಕು ಚೆಲ್ಲಾಪಿಲ್ಲಿ.

ಅಸಲಿ ರೋಗ ಬಲ್ಬ್‌ನಲ್ಲಿ ಇರಲೇ ಇಲ್ಲ. ಹಳೇ ವೈರಿಂಗ್‌ನಲ್ಲಿ ಇಡೀ ಕರೆಂಟ್ ಸ್ವಿಚ್ ಮೂಲಕವೇ ಹೋಗುತ್ತೆ. ದಾರೀಲಿ ವೋಲ್ಟೇಜ್ ಶೇ. 10 ಕುಸಿದರೆ ಬೆಳಕು ಸುಮಾರು ಶೇ. 30 ಕಮ್ಮಿ! ಎಚ್4 ವಾಪಸ್ ಹಾಕಿಸಿ, ರಿಲೇ ಕೂರಿಸಿ, ಬ್ಯಾಟರಿಯಿಂದ ಫ್ಯೂಸ್ ಸಮೇತ ದಪ್ಪ ವೈರ್ ಎಳೆಸಿದೆ.

ಮಾವ ಫೋನಲ್ಲಿ ಕೇಳಿದ್ದು ಇಷ್ಟೇ: "ಹಾರ್ನ್ ರಿಪೇರಿ ಮಾಡಿಸಿದ್ಯೇನೋ?"