ಭಂಗಾರ್ ಮತ್ತು ಬಂಗಾರ: ಉಮರ್ಗಾದ ನಾಟಕಗೃಹದ ಹಳೆಯ ದೀಪಗಳು

ಮರಾಠಿಯಲ್ಲಿ ‘ಭಂಗಾರ್’ ಅಂದರೆ ಗುಜರಿ. ನಮ್ಮ ಕನ್ನಡದಲ್ಲಿ ಬಂಗಾರ ಅಂದರೆ ಏನೆಂದು ಹೇಳಬೇಕಾಗಿಲ್ಲ. ಗಡಿ ಊರಿನಲ್ಲಿ ಈ ಎರಡು ಪದಗಳ ನಡುವೆ ಇರುವುದು ಒಂದು ಮಹಾಪ್ರಾಣ ಮಾತ್ರ, ಅದನ್ನೂ ಯಾರೂ ಸರಿಯಾಗಿ ಉಚ್ಚರಿಸುವುದಿಲ್ಲ. ಕೆಲಸದ ನಿಮಿತ್ತ ನಾನು ಎರಡು ವರ್ಷದಿಂದ ಉಮರ್ಗಾದಲ್ಲಿದ್ದೇನೆ. ಸಕ್ಕರೆ ಕಾರ್ಖಾನೆಗಳ ಪಂಪ್, ಬಾಯ್ಲರ್ ರಿಪೇರಿ ನನ್ನ ಕೆಲಸ. ಕಬ್ಬಿನ ಸೀಸನ್ ಮುಗಿದರೆ ನಿಲಂಗಾ, ಉದಗೀರ್ ಕಡೆಗೂ ಓಡಾಟ. ಇಲ್ಲಿನ ಒಂದು ಹಳೆಯ ನಾಟಕಗೃಹದ ಉಗ್ರಾಣ ಖಾಲಿ ಮಾಡುತ್ತಾರೆ, ಭಂಗಾರ್‌ನವನು ತೂಕದ ಲೆಕ್ಕದಲ್ಲಿ ಎತ್ತಿಕೊಂಡು ಹೋಗುತ್ತಾನೆ ಎಂದು ಗೊತ್ತಾದಾಗ, ಅಲ್ಲಿ ಏನೇನಿದೆ ಎಂದು ನೋಡಲು ಹೋದೆ. ಸಿಕ್ಕಿದ್ದು ಎಂಟು ದಿನಗಳ ಸಮಯ.

ಈ ನೆಲದ ಬಗ್ಗೆ ಮೊದಲು ಎರಡು ಮಾತು. ಉಮರ್ಗಾ ಇರುವುದು ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿಯಲ್ಲಿ, ನಮ್ಮ ಬಸವಕಲ್ಯಾಣಕ್ಕೆ ಹತ್ತಿರ. ಮೂರೂ ಊರುಗಳು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಉದಗೀರ್ ಮತ್ತು ನಿಲಂಗಾ ಆಗ ಬೀದರ್ ಜಿಲ್ಲೆಯ ತಾಲೂಕುಗಳು! 1956ರಲ್ಲಿ ಭಾಷಾವಾರು ವಿಂಗಡಣೆಯಾದಾಗ ಅವು ಬೀದರ್ ಬಿಟ್ಟು ಉಸ್ಮಾನಾಬಾದ್ ಜಿಲ್ಲೆ ಸೇರಿದವು, 1982ರಲ್ಲಿ ಲಾತೂರ್ ಹೊಸ ಜಿಲ್ಲೆಯಾದಾಗ ಅದರೊಳಗೆ ಹೋದವು. ಉಮರ್ಗಾ ಉಸ್ಮಾನಾಬಾದಿನಲ್ಲೇ ಉಳಿಯಿತು, ಈಗ ಅದರ ಹೆಸರು ಧಾರಾಶಿವ. ಸಂಸ್ಥಾನದ ಕಾಲದಲ್ಲಿ ಕಚೇರಿ, ಶಾಲೆಯ ಭಾಷೆ ಉರ್ದು. ಮನೆಯಲ್ಲಿ ಮರಾಠಿ, ಕನ್ನಡ, ದಖ್ಖನಿ. ಈ ಭಾಷೆಗಳ ವಿಷಯ ಮುಂದೆ ಕೆಲಸಕ್ಕೆ ಬರುತ್ತದೆ.

ನಾಟಕದ ವಿಷಯದಲ್ಲೂ ಗಡಿಗೆರೆ ಗಟ್ಟಿಯಾಗಿರಲಿಲ್ಲ. ಮರಾಠಿ ರಂಗಭೂಮಿಯ ಆರಂಭ ಎಂದು ಹೇಳುವ, ವಿಷ್ಣುದಾಸ ಭಾವೆಯವರ 1843ರ ‘ಸೀತಾ ಸ್ವಯಂವರ’ಕ್ಕೆ ಪ್ರೇರಣೆ ಸಾಂಗ್ಲಿಗೆ ಬಂದಿದ್ದ ಕರ್ನಾಟಕದ ಭಾಗವತರ ಆಟ. ಕೇಶವರಾವ್ ಭೋಸಲೆಯವರ ಪ್ರಸಿದ್ಧ ಮರಾಠಿ ಕಂಪನಿ ‘ಲಲಿತಕಲಾದರ್ಶ’ ಹುಟ್ಟಿದ್ದು 1908ರಲ್ಲಿ, ನಮ್ಮ ಹುಬ್ಬಳ್ಳಿಯಲ್ಲಿ. ಕಂಪನಿಗಳು ಪರದೆ, ಪೆಟ್ಟಿಗೆ, ದೀಪ ಎಲ್ಲವನ್ನೂ ಹೊತ್ತುಕೊಂಡು ಊರೂರು ಸುತ್ತುತ್ತಿದ್ದವು. ಕಂಪನಿ ಮುಳುಗಿದ ಊರಿನಲ್ಲಿ ಸಾಮಾನು ಸಾಲಕ್ಕೆ ಉಳಿಯುತ್ತಿತ್ತು.

ಇನ್ನು ಉಗ್ರಾಣಕ್ಕೆ ಬರುತ್ತೇನೆ.

ಮೊದಲು ಕಂಡದ್ದು ಗೋಡೆಗೆ ಒರಗಿಸಿಟ್ಟ ತಗಡಿನ ಉದ್ದನೆಯ ದೋಣಿಗಳು, ಆರು ಅಡಿಯವು. ಕೋಳಿಗೆ ಕಾಳು ಹಾಕುವ ತೊಟ್ಟಿ ಎಂದರೂ ನಂಬಬಹುದು. ಒಳಗೆ ಒಂದೊಂದು ಗೇಣಿಗೆ ಬಲ್ಬ್ ಹೋಲ್ಡರ್. ಇದು ಫುಟ್‌ಲೈಟ್: ರಂಗದ ಮುಂಭಾಗದ ಅಂಚಿನಲ್ಲಿ ನೆಲದ ಮೇಲಿಟ್ಟು ನಟರ ಮುಖಕ್ಕೆ ಕೆಳಗಿನಿಂದ ಬೆಳಕು ಚೆಲ್ಲುವುದು. ಎಣ್ಣೆ ದೀಪದ ಕಾಲದಿಂದ ಬಂದ ಪದ್ಧತಿ ಇದು. ವಯರ್ ಹಿಡಿದು ಹೋದರೆ ಮೊದಲನೆಯ, ನಾಲ್ಕನೆಯ, ಏಳನೆಯ ಹೋಲ್ಡರ್ ಒಂದೇ ಸಾಲಿಗೆ ಸೇರಿದ್ದವು. ಅಂದರೆ ಒಂದೇ ದೋಣಿಯಲ್ಲಿ ಮೂರು ಸರ್ಕೀಟು.

ಮೂರು ಏಕೆ? ಉತ್ತರ ಸಿಕ್ಕಿದ್ದು ಡಿಪ್ಲೊಮಾದಿಂದಲ್ಲ, ಮದ್ರಸದಿಂದ. ದೋಣಿಯ ತುದಿಯ ಮೂರು ಟರ್ಮಿನಲ್‌ಗಳ ಪಕ್ಕ ದೇವನಾಗರಿಯಲ್ಲಿ ಬಿಳಿ ಪೇಂಟಿನ ಬರಹವಿತ್ತು. ಅದು ಎದ್ದುಹೋದ ಕಡೆ ಅಡಿಯಲ್ಲಿ ಬೇರೆ ಅಕ್ಷರ. ನನಗೆ ಉರ್ದು ಓದಲು ಕಲಿಸಿದವರಿಲ್ಲ. ಆದರೆ ನಮ್ಮಲ್ಲಿ ಯಾವ ಮಗು ತಾನೇ ಅಲಿಫ್, ಬಾ ಕಲಿಯದೆ ಬೆಳೆದಿದೆ? ಸೀನ್, ರಾ, ಖಾ: ಸುರ್ಖ್. ನೂನ್, ಯಾ, ಲಾಮ್, ಅಲಿಫ್: ನೀಲಾ. ಮೂರನೆಯದನ್ನು ಕಾವಲುಗಾರ ಚಾಚಾ ಓದಿ ಹೇಳಿದರು, ಸಫೇದ್. ಕೆಂಪು, ನೀಲಿ, ಬಿಳಿ. ಹಗಲಿಗೆ ಬಿಳಿ, ರಾತ್ರಿಗೆ ನೀಲಿ, ಯುದ್ಧಕ್ಕೂ ರಾಕ್ಷಸನಿಗೂ ಕೆಂಪು. ಮೇಲಿನ ಮರಾಠಿ ಬರಹವೂ ಅದನ್ನೇ ಹೇಳುತ್ತಿತ್ತು.

ಪೇಂಟಿನ ಈ ಎರಡು ಪದರ ನನಗೆ ಯಾವ ನಾಮಫಲಕಕ್ಕಿಂತಲೂ ದೊಡ್ಡದು. ಕೆಳಗಿನದು ಉರ್ದು ಶಾಲೆಯಲ್ಲಿ ಕಲಿತವನ ಕೈ, ಮೇಲಿನದು ಮರಾಠಿ ಕಲಿತವನದು. ಉರ್ದು ಬಲ್ಲವರು 1948ರ ನಂತರವೂ ಇದ್ದರು, ಆದ್ದರಿಂದ ಇದೊಂದರಿಂದಲೇ ಇಸವಿ ಹೇಳಲಾಗದು. ಆದರೆ ಕ್ರಮ ಸ್ಪಷ್ಟ. ಆ ವರ್ಷದ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಮರಿಗೆ ಆದ ಕಷ್ಟನಷ್ಟದ ಬಗ್ಗೆ ವರದಿ ಕೊಟ್ಟ ಸುಂದರಲಾಲ್ ಸಮಿತಿ, ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ಬೀದರ್ ಎರಡನ್ನೂ ಹೆಸರಿಸಿದೆ. ಉರ್ದು ಬರೆದ ಆ ಲೈಟಿನವನು ಮತ್ತೆ ಏನಾದನೋ ಎಂದು ಚಾಚಾ ಕೇಳಿದರು. ನಾನು ಮಾತಾಡಲಿಲ್ಲ. ಕನ್ನಡದ ಅಕ್ಷರಕ್ಕಾಗಿಯೂ ಹುಡುಕಿದೆ, ಒಂದೂ ಇಲ್ಲ.

ಮೂಲೆಯಲ್ಲಿ ಸೊಂಟದೆತ್ತರದ ನಾಲ್ಕು ಪಿಂಗಾಣಿ ಜಾಡಿಗಳಿದ್ದವು. ‘ಅಚಾರ್ ಕೀ ಬರ್ನಿ ಹೈ ಬೇಟಾ, ಕಂಪನಿ ಮೆಸ್‌ನದು’ ಎಂದರು ಚಾಚಾ. ಅವರ ಮನೆಯವರು ಎರಡನ್ನು ಈಗಾಗಲೇ ಕೇಳಿಟ್ಟಿದ್ದರು, ಮಾವಿನಕಾಯಿಯ ಕಾಲ ಬೇರೆ. ನಮ್ಮ ಭರಣಿಯ ಹಾಗೆಯೇ ಹೊಳಪಿನ ಮೈ. ಆದರೆ ಉಪ್ಪಿನಕಾಯಿ ಭರಣಿಯ ಬಾಯಿಗೆ ರಾಟೆ ಯಾಕೆ? ಅಡಿಯಲ್ಲಿ ಲೋಹದ ತಟ್ಟೆ ಯಾಕೆ? ತಟ್ಟೆಯನ್ನು ಚಾಕುವಿನಿಂದ ಗೀರಿದರೆ ಬೆಣ್ಣೆಯ ಹಾಗೆ ಮೆತ್ತಗೆ, ಒಳಗೆ ಬೂದು ಹೊಳಪು. ಆಯಸ್ಕಾಂತ ಹಿಡಿಯಲಿಲ್ಲ, ಕಾಗದದ ಮೇಲೆ ಉಜ್ಜಿದರೆ ಪೆನ್ಸಿಲಿನಂತೆ ಗೆರೆ. ಸೀಸ.

ಇದು ಉಪ್ಪುನೀರಿನ ಡಿಮ್ಮರ್. ಜಾಡಿಗೆ ನೀರು ತುಂಬಿ ಸ್ವಲ್ಪ ಉಪ್ಪು ಹಾಕುತ್ತಾರೆ. ಅಡಿಯಲ್ಲಿ ಒಂದು ತಟ್ಟೆ, ಹಗ್ಗದಲ್ಲಿ ನೇತಾಡುವ ಇನ್ನೊಂದು ತಟ್ಟೆ. ದೀಪಕ್ಕೆ ಹೋಗುವ ಕರೆಂಟು ಈ ನೀರನ್ನು ದಾಟಿ ಹೋಗಬೇಕು. ತಟ್ಟೆಗಳು ಹತ್ತಿರ ಬಂದರೆ ದೀಪ ಪ್ರಖರ, ಮೇಲೆ ಎಳೆದರೆ ತಡೆ ಹೆಚ್ಚಿ ಮಂದ, ನೀರಿನಿಂದ ಹೊರಗೆ ಬಂದರೆ ಕತ್ತಲೆ. ಹಗ್ಗ ಹಿಡಿದವನ ಕೈ ಎಷ್ಟು ನಿಧಾನವೋ ಸೂರ್ಯಾಸ್ತ ಅಷ್ಟು ನಿಧಾನ. ಎಲೆಕ್ಟ್ರಾನಿಕ್ ಡಿಮ್ಮರ್ ಬರುವ ಮೊದಲು ಭಾರತದ ಎಷ್ಟೋ ರಂಗಮಂದಿರಗಳಲ್ಲಿ ಇದೇ ಇತ್ತು. ಬಹಳ ಹೊತ್ತು ಮಂದ ಇಟ್ಟರೆ ನೀರು ಕುದಿಯುತ್ತದೆ, ತೆರೆದ ಜಾಡಿಯ ನೀರಿನಲ್ಲಿ ಕರೆಂಟು ಬೇರೆ. ಕೈ ಹಾಕಿದವನು ಹೋದಂತೆಯೇ.

ಚಾಚಾನಿಗೆ ಇದನ್ನು ಹೇಳುವುದು ಮುಖ್ಯವಾಗಿತ್ತು. ವರ್ಷಗಟ್ಟಲೆ ಸೀಸ ಕರಗಿದ ಉಪ್ಪುನೀರು ಕುಡಿದ ಜಾಡಿ ಅದು, ಒಳಗೆ ಬಿಳಿ ಪದರ ಕಟ್ಟಿತ್ತು, ಗಾಜಿನ ಮೈಯಲ್ಲಿ ಬಿರುಕುಗಳು. ಹುಳಿ ಮತ್ತು ಉಪ್ಪು ಎರಡೂ ಸೇರಿದ ಮಾವಿನಕಾಯಿಯನ್ನು ಅದರಲ್ಲಿ ಹಾಕಿದರೆ ಉಳಿದ ಸೀಸವನ್ನೂ ಎಬ್ಬಿಸುತ್ತದೆ, ಮಕ್ಕಳ ಮೆದುಳಿಗೆ ಅದು ವಿಷ. ತೊಳೆದರೆ ಹೋಗುವುದಿಲ್ಲವೇ ಎಂದು ಒಳಗಿನಿಂದ ಚಾಚಿ ಕೇಳಿದರು. ಹೋಗುವುದಿಲ್ಲ ಅಂದೆ. ಅವರಿಗೆ ನನ್ನ ಮೇಲೆ ಬೇಸರವಾದದ್ದು ಗೊತ್ತಾಯಿತು, ಚಹಾ ಬರಲಿಲ್ಲ.

ಉಳಿದ ಡಿಮ್ಮರ್‌ಗಳು ವಯರ್ ಸುತ್ತಿದ ಸ್ಲೈಡರ್ ಮಾದರಿಯವು. ಭಂಗಾರ್‌ನವನ ಕಣ್ಣು ಇವುಗಳ ಮೇಲಿತ್ತು, ತಾಮ್ರ ಎಂದು. ಅದು ತಾಮ್ರವಲ್ಲ, ತಡೆ ಹೆಚ್ಚಿರುವ ಮಿಶ್ರಲೋಹ. ಮೀಟರ್ ಇಟ್ಟು ತೋರಿಸಿದ ಮೇಲೆ ಅವನು ತಣ್ಣಗಾದ. ಇವುಗಳ ಒಂದು ಗುಣ: 1000 ವ್ಯಾಟಿನ ದೀಪಕ್ಕೆಂದು ಮಾಡಿದ್ದಕ್ಕೆ 100 ವ್ಯಾಟಿನ ಬಲ್ಬ್ ಹಾಕಿದರೆ ಪೂರ್ತಿ ಮಂದವಾಗುವುದೇ ಇಲ್ಲ. ಎರಡರ ಮೇಲಿನ ಫಲಕದಲ್ಲಿ 110 ವೋಲ್ಟ್ ಎಂದಿತ್ತು. ಅಂಥದ್ದಕ್ಕೆ ಸೇರಿದ ದೀಪವನ್ನು ಇಂದಿನ 230 ವೋಲ್ಟಿಗೆ ಕೊಟ್ಟರೆ ಬಹಳ ಹೆಚ್ಚು ಶಕ್ತಿ ಎಳೆದು ಸಿಡಿಯುತ್ತದೆ. ಉರಿಸಿ ನೋಡೋಣ ಎಂದ ಹುಡುಗರನ್ನು ತಡೆದೆ.

ಬಣ್ಣದ ಹಾಳೆಗಳ ಕಟ್ಟೂ ಇತ್ತು. ಅದರ ಮೂಲೆಯೊಂದನ್ನು ಒದ್ದೆ ಮಾಡಿದರೆ ಮೆತ್ತಗಾಗಿ ಬೆರಳಿಗೆ ಅಂಟಿತು, ಅಂದರೆ ನಿಜವಾದ ಜಿಲೆಟಿನ್, ಪ್ರಾಣಿಗಳ ಚರ್ಮ ಮೂಳೆಯಿಂದ ಬರುವುದು. ಆಮೇಲೆ ಬಂದ ಅಸಿಟೇಟ್ ಹಾಳೆಗೆ ನೀರು ಏನೂ ಮಾಡುವುದಿಲ್ಲ.

ಸ್ಪಾಟ್‌ಲೈಟುಗಳು ಐದು. ಮೂರರ ಲೆನ್ಸ್ ನುಣ್ಣಗೆ, ಉಬ್ಬಿದ್ದು, ಬೆಳಕಿನ ಅಂಚು ಚೂಪು. ಎರಡರದ್ದು ಮೆಟ್ಟಿಲು ಮೆಟ್ಟಿಲಾದ ವೃತ್ತಗಳ ಫ್ರೆನೆಲ್, ಅಂಚು ಮೆದು. ಫ್ರೆನೆಲ್ ಎಂಬ ಫ್ರೆಂಚ್ ವಿಜ್ಞಾನಿ 1820ರ ದಶಕದಲ್ಲಿ ದೀಪಸ್ತಂಭಕ್ಕೆಂದು ಮಾಡಿದ ಉಪಾಯ ಅದು. ವರ್ನಿಯರ್ ಹಿಡಿದೆ: ಲೆನ್ಸ್ 152 ಮಿಲಿಮೀಟರ್, ಸರಿಯಾಗಿ ಆರು ಇಂಚು. ಬೋಲ್ಟುಗಳು ಇಂಚಿಗೆ 20 ಎಳೆಯ ವಿಟ್ವರ್ತ್. ನಮ್ಮಲ್ಲಿ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಬಂದದ್ದು 1958ರಿಂದ. ಆದರೆ ಇಂಚಿನ ಬೋಲ್ಟು ಆಮೇಲೂ ಬಹಳ ಕಾಲ ಮಾರುತ್ತಿತ್ತು, ಆದ್ದರಿಂದ ಇದು ಸುಳಿವು ಮಾತ್ರ, ಸಾಕ್ಷಿಯಲ್ಲ. ಲಂಡನ್ನಿನ ಸ್ಟ್ರ್ಯಾಂಡ್ ಎಲೆಕ್ಟ್ರಿಕ್ ಕಂಪನಿಯ ದೀಪವಾದರೆ ಮೈಮೇಲೆ ‘ಪ್ಯಾಟರ್ನ್’ ಸಂಖ್ಯೆ ಇರುತ್ತದೆ. ಇವುಗಳ ಮೇಲೆ ಏನೂ ಇಲ್ಲ, ಎರಕದ ಗುರುತು ಒರಟು. ಊರ ಕಡೆಯ ಫೌಂಡ್ರಿಯ ಕೆಲಸ ಎಂದೇ ನನ್ನ ಅಂದಾಜು, ಮತ್ತು ಒಳ್ಳೆಯ ಕೆಲಸ. ದೀಪದಿಂದ ಹೊರಬರುವ ವಯರಿನ ಮೇಲೆ ಬಿಳಿ ಹತ್ತಿಯಂಥ ಹೊದಿಕೆ ಇತ್ತು, ಅದು ಆಸ್ಬೆಸ್ಟಾಸ್ ಆಗಿರಬಹುದು. ಕೆರೆಯಬಾರದು, ಊದಬಾರದು. ನೀರು ಚಿಮುಕಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟೆ.

ಉದಗೀರಿನ ಒಂದು ಮಂಟಪದ ಅಂಗಡಿಯಲ್ಲಿ ಅದಕ್ಕಿಂತ ಹಿಂದಿನ ಕಾಲ ಕಂಡಿತು: ಪೆಟ್ರೋಮ್ಯಾಕ್ಸ್. ಜರ್ಮನಿಯಲ್ಲಿ 1910ರ ಸುಮಾರಿಗೆ ಹುಟ್ಟಿದ್ದು, ಪಂಪ್ ಹೊಡೆದು ಸೀಮೆಎಣ್ಣೆಯನ್ನು ಆವಿ ಮಾಡಿ ಮ್ಯಾಂಟಲ್ ಉರಿಸುವುದು. ಒಂದು ಬದಿಗೆ ತಗಡಿನ ಮರೆ ಬೆಸೆದಿದ್ದರು, ಪ್ರೇಕ್ಷಕರ ಕಣ್ಣಿಗೆ ಹೊಡೆಯದೆ ನಟನ ಕಡೆಗೆ ಮಾತ್ರ ಬೆಳಕು ಬೀಳಲು. ಅದನ್ನು ನೋಡಿದ ಕೂಡಲೇ ನನಗೆ ನೆನಪಾದದ್ದು ನಮ್ಮ ಅಂಗಡಿಯ ಅಟ್ಟ. ಉಪ್ಪ ಅಕ್ಕಿ, ಬೆಲ್ಲದ ಜೊತೆ ಗ್ಯಾಸ್‌ಲೈಟನ್ನೂ ಬಾಡಿಗೆಗೆ ಕೊಡುತ್ತಿದ್ದರು. ನಿಕಾಹ್‌ಗೆ ಹೊರಡುವ ಮದುಮಗನ ಮುಂದೆ ಹೋದ ಅದೇ ದೀಪ ಮರುದಿನ ಯಕ್ಷಗಾನದ ಚೌಕಿಗೆ ಹೋಗುತ್ತಿತ್ತು. ಉಪ್ಪನ ಬಾಡಿಗೆ ಪುಸ್ತಕದಲ್ಲಿ ಎರಡೂ ಒಂದೇ ದರ.

ಎಂಟನೆಯ ದಿನ ಪಟ್ಟಿ ಕೊಟ್ಟೆ, ಮರಾಠಿಯಲ್ಲಿ ಸ್ನೇಹಿತರೊಬ್ಬರು ಬರೆದರು. ಫುಟ್‌ಲೈಟಿನ ಎರಡು ದೋಣಿ, ಒಂದು ಜಾಡಿ, ಒಂದು ಸ್ಲೈಡರ್ ಮತ್ತು ಸ್ಪಾಟ್‌ಲೈಟುಗಳನ್ನು ಇಟ್ಟುಕೊಳ್ಳಲು ಮಾಲೀಕರು ಒಪ್ಪಿದ್ದಾರೆ. ಉಳಿದ ಮೂರು ಜಾಡಿಗಳಿಗೆ ನಾನೇ ಅಡಿಯಲ್ಲಿ ಡ್ರಿಲ್ ಹೊಡೆದು ತೂತು ಮಾಡಿದೆ, ಉಪ್ಪಿನಕಾಯಿಗೆ ಬಾರದಂತೆ. ಉಳಿದದ್ದು ತೂಕಕ್ಕೆ ಹೋಯಿತು.

ಇದನ್ನು ಓದುವವರಲ್ಲಿ ಗುಜರಿ ವ್ಯಾಪಾರದವರು, ಹಿಂದೆ ಗ್ಯಾಸ್‌ಲೈಟ್ ಬಾಡಿಗೆಗೆ ಕೊಡುತ್ತಿದ್ದ ಮನೆಯವರು ಬಹಳ ಜನ ಇದ್ದೀರಿ. ಅಟ್ಟದಲ್ಲಿ ಪಿಂಗಾಣಿ ಜಾಡಿ ಇದ್ದರೆ ಅಡಿಯಲ್ಲಿ ತಟ್ಟೆ ಅಥವಾ ಸ್ಕ್ರೂ ಇದೆಯೇ ನೋಡಿ. ದೀಪದ ಡಬ್ಬಿ ಇದ್ದರೆ ಪೇಂಟ್ ಉಜ್ಜಬೇಡಿ, ಬಾಗಿಸಿ ಬೆಳಕಿಗೆ ಹಿಡಿದು ಅಡಿಯ ಅಕ್ಷರದ ಫೋಟೋ ತೆಗೆಯಿರಿ. ಬಾಡಿಗೆ ಪುಸ್ತಕ ಸಿಕ್ಕಿದರೆ ಇನ್ನೂ ಒಳ್ಳೆಯದು.