ಹೆಬ್ಬೆಟ್ಟಿನ ಗುರುತು

ಹುಬ್ಬಳ್ಳಿ-ಧಾರವಾಡಗಳಲ್ಲಿ ಮನೆ ಮಾಡಿಕೊಂಡಿರುವ ತಮ್ಮಲ್ಲಿ ಹಲವರಿಗೆ ಅಣ್ಣಿಗೇರಿ-ನವಲಗುಂದ ಸೀಮೆಯಲ್ಲಿ, ಶಲವಡಿಯಂಥ ಊರಿನಲ್ಲಿ, ಹಿರಿಯರಿಂದ ಬಂದ ಎರೆಹೊಲ ಇದ್ದೀತು. ಹೊಲವನ್ನು ಲಾವಣಿಗೆ ಕೊಟ್ಟು, ವರ್ಷಕ್ಕೊಮ್ಮೆ ಸುಗ್ಗಿಗೆ ಹೋಗಿ ಬರುವ ಒಡೆಯನಿಗೆ ಒಂದು ಅಳುಕು ಇದ್ದೇ ಇರುತ್ತದೆ. ತಾನಿಲ್ಲದ ಹೊತ್ತಿನಲ್ಲಿ ಮತ್ತಾವನೋ ತಾನೇ ಒಡೆಯನೆಂದು ಹೇಳಿ ಖರೇದಿ ಪತ್ರ ಬರೆದುಕೊಟ್ಟುಬಿಟ್ಟರೆ? ಈ ಅಳುಕು ಇಂದಿನದಲ್ಲ. ಅದನ್ನು ಕಳೆಯಲೆಂದು ಕಾಗದದ ಮೇಲೆ ಬಂದು ಕುಳಿತದ್ದೇ ಹೆಬ್ಬೆಟ್ಟು.

ಹೆಬ್ಬೆಟ್ಟೆಂದರೆ ಅಕ್ಷರ ಬಾರದವರ ಸಹಿಯೆಂದು ನಾವು ಹಗುರಾಗಿ ಆಡುವುದುಂಟು. ಅದರ ಹುಟ್ಟು ಹಾಗಿಲ್ಲ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಶೆಲ್, ರಸ್ತೆಗೆ ಖಡಿ ಒದಗಿಸಲು ಒಪ್ಪಿದ ರಾಜ್ಯಧರ ಕೋನಾಯ್ ಎಂಬಾತನ ಇಡೀ ಅಂಗೈಗೆ ಮಸಿ ಬಳಿಸಿ ಕರಾರುಪತ್ರದ ಬೆನ್ನಿಗೆ ಒತ್ತಿಸಿಕೊಂಡನು. ಮುಂದೆ ಆತ ‘ಈ ಸಹಿ ನನ್ನದಲ್ಲ’ ಎನ್ನದಿರಲೆಂಬುದೇ ಉದ್ದೇಶ, ಶಾಸ್ತ್ರವೆಲ್ಲ ಆಮೇಲಿನದು. 1877ರಲ್ಲಿ ಹೂಗ್ಲಿಯಲ್ಲಿ ಅದೇ ಹರ್ಶೆಲ್ ದಸ್ತಾವೇಜುಗಳ ನೋಂದಣಿಗೂ ಬೆರಳ ಗುರುತನ್ನು ಬಳಕೆಗೆ ತಂದನು.

ಧಾರವಾಡ ಆಗ ಮುಂಬಯಿ ಪ್ರಾಂತದಲ್ಲಿತ್ತು. ಇಲ್ಲಿ ಇನ್ನೊಂದು ಬಗೆಯ ಕಾವಲು ಬೆಳೆಯಿತು. ಯಾವ ಹೊಲದಲ್ಲಿ ಯಾರ ಹಕ್ಕೆಂಬುದನ್ನು ಊರೂರಿಗೂ ಬರೆದಿಡುವ ಪದ್ಧತಿ 1903ರ ಹಕ್ಕುದಾಖಲೆ ಕಾಯಿದೆಯಿಂದ ಬಂದಿತು. ಧಾರವಾಡ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಮುಂದೆ 1964ರ ಭೂಕಂದಾಯ ಕಾಯಿದೆಯಲ್ಲಿಯೂ ಹಕ್ಕುದಾಖಲೆ ಉಳಿಯಿತು. ಖರೇದಿಯಾದ ಮಾತ್ರಕ್ಕೆ ಉತಾರದಲ್ಲಿ ಹೆಸರು ಬದಲಾಗದು. ವರ್ದಿ ಬರಬೇಕು, ಅದರ ಪ್ರತಿಯನ್ನು ಚಾವಡಿಯಲ್ಲಿ ಅಂಟಿಸಬೇಕು, ಸಂಬಂಧಪಟ್ಟವರಿಗೆ ನೋಟೀಸು ಹೋಗಬೇಕು, ತಕರಾರು ಬಂದರೆ ವಿಚಾರಣೆ ನಡೆಯಬೇಕು. ಮೋಸಕ್ಕೆ ಅಡ್ಡಲಾಗಿ ಕಟ್ಟಿದ ಒಡ್ಡುಗಳಲ್ಲಿ ಇದೇ ಗಟ್ಟಿಯಾದುದೆಂದು ನನ್ನೆಣಿಕೆ. ಅಂಗೈಯನ್ನು ಮಸಿಯಲ್ಲಿ ಅದ್ದದೆಯೂ ಯಾರು ಯಾರೆಂಬುದು ಊರಿಗೆ ಗೊತ್ತಲ್ಲವೇ? ಕುಂದೆಲ್ಲಿಯೆಂದರೆ, ಪುಸ್ತಕ ಒಬ್ಬ ಲೆಕ್ಕಿಗನ ಕೈಯಲ್ಲಿತ್ತು. ತಿದ್ದಿದ್ದು ಯಾವಾಗ, ಏಕೆ ಎಂದು ಕೇಳುವವರು ಕಡಿಮೆ.

ಇದಕ್ಕೆ ಮದ್ದಾಗಿ 2000ದ ಸುಮಾರಿಗೆ ‘ಭೂಮಿ’ ಯೋಜನೆ ಬಂದಿತು. ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. ಕೈಬರಹದ ಪಹಣಿಯ ಕಾಲ ಮುಗಿಯಿತು. ಸ್ವಾರಸ್ಯವೆಂದರೆ ಈ ಸಲ ಬೆರಳೊತ್ತಬೇಕಾದವರು ಅಧಿಕಾರಿಗಳು! ದಾಖಲೆ ತಿದ್ದುವವರು ಮೊದಲು ಯಂತ್ರಕ್ಕೆ ತಮ್ಮ ಬೆರಳು ತೋರಿಸಬೇಕು; ‘ನಾನು ತಿದ್ದಿಲ್ಲ’ ಎನ್ನುವಂತಿಲ್ಲ. ಹರ್ಶೆಲ್ ಗುತ್ತಿಗೆದಾರನಿಗೆ ಹಾಕಿದ ಕಟ್ಟೇ ಇದು. 2001ರಲ್ಲಿ ನೋಂದಣಿ ಕಾಯಿದೆಗೂ ತಿದ್ದುಪಡಿಯಾಗಿ, ಜಮೀನು ಕೊಡುವವರ ಮತ್ತು ಕೊಳ್ಳುವವರ ಭಾವಚಿತ್ರ, ಬೆರಳ ಗುರುತು ಎರಡೂ ಪತ್ರದ ಮೇಲೆ ಬರಬೇಕೆಂದಾಯಿತು. ಮರುವರ್ಷಗಳಲ್ಲಿ ‘ಕಾವೇರಿ’ ಎಂಬ ವ್ಯವಸ್ಥೆ ನೋಂದಣಿ ಕಚೇರಿಗಳನ್ನು ಸೇರಿತು.

ಆದರೆ ಕಳ್ಳನೂ ಕಾಲಕ್ಕೆ ತಕ್ಕಂತೆ ಕಲಿಯುತ್ತಾನೆ. ಕಪಾಟಿನಲ್ಲಿದ್ದಾಗ ಪತ್ರದ ಮೇಲಿನ ಹೆಬ್ಬೆಟ್ಟು ಕಾವಲಾಗಿತ್ತು. ಅದರ ಪ್ರತಿ ಅಂತರ್ಜಾಲದಲ್ಲಿ ದೊರೆಯುವಂತಾದಾಗ, 2023ರಲ್ಲಿ, ವಂಚಕರು ಆ ಬೆರಳ ಗೆರೆಗಳನ್ನೇ ಅಚ್ಚೆತ್ತಿ, ಆಧಾರ್ ಮೂಲಕ ಹಣ ಕೊಡುವ ಯಂತ್ರಕ್ಕೆ ಒತ್ತಿ, ಬ್ಯಾಂಕಿನ ಖಾತೆಗಳಿಂದ ಹಣ ತೆಗೆದರು. ಇಂಥ ದೂರುಗಳು ಬೆಂಗಳೂರಿನಲ್ಲಿ ಸಾಲಾಗಿ ಬಂದ ಮೇಲೆ ಪ್ರತಿಗಳಲ್ಲಿ ಬೆರಳ ಗುರುತನ್ನು ಮರೆಮಾಡಲು ಇಲಾಖೆ ಮುಂದಾಯಿತು. ಗುಪ್ತಪದ ಕಳವಾದರೆ ಬೇರೆಯದನ್ನು ಇಟ್ಟುಕೊಳ್ಳಬಹುದು. ಬೆರಳನ್ನು ಬದಲಾಯಿಸುವುದು ಹೇಗೆ?

ಆಧಾರಿನ ಬೆರಳಚ್ಚಿಗೆ ಬೀಗ ಹಾಕುವ ಅನುಕೂಲ ಉಂಟು. ತಾವು ಅದನ್ನು ಬಳಸಬಹುದು. ಋಣಭಾರ ಪತ್ರವನ್ನು ಮನೆಯಲ್ಲಿಯೇ ಕುಳಿತು ತರಿಸಿ ನೋಡಬಹುದು. ಇವೆರಡಕ್ಕಿಂತ ಮೊದಲು ಉತಾರವನ್ನೊಮ್ಮೆ ತೆಗೆದು ನೋಡಿರಿ. ತೀರಿಹೋದ ಅಜ್ಜನ ಹೆಸರೇ ಅದರಲ್ಲಿ ಇನ್ನೂ ಇದ್ದರೆ, ನಾಳೆ ಹೊರಡುವ ನೋಟೀಸು ಅಜ್ಜನ ಹೆಸರಿಗೇ ಹೊರಡುತ್ತದೆ. ವಾರಸಾ ವರ್ದಿ ಕೊಡಲು ಮುಂದಿನ ಸುಗ್ಗಿಯ ತನಕ ಕಾಯಬೇಕಾಗಿಲ್ಲ.